ಊರಿನ ಗ್ರಂಥಾಲಯದಲ್ಲಿ ಹಲವು ಭಾಷೆಗಳ ಬೇಸಿಗೆ ಓದು: ಮನೆಮಂದಿಯನ್ನೆಲ್ಲ ಸೇರಿಸಿ ನಡೆಸುವುದು ಹೇಗೆ?

ಬೇಸಿಗೆ ರಜೆ ಬಂತು ಅಂದರೆ ಊರಿನ ಗ್ರಂಥಾಲಯಗಳಲ್ಲಿ ಮಕ್ಕಳ ಶಿಬಿರಗಳು ಶುರುವಾಗುತ್ತವೆ. ಚಿತ್ರ ಬಿಡಿಸುವುದು, ಕಾಗದ ಮಡಚುವುದು, ಒಂದಷ್ಟು ಹಾಡು, ಕೊನೆಯ ದಿನ ಸರ್ಟಿಫಿಕೇಟ್. ಒಳ್ಳೆಯದೇ. ಆದರೆ ಬರುವ ಮಕ್ಕಳು ಯಾರು ಅಂತ ಸ್ವಲ್ಪ ನೋಡಿ. ಮನೆಯಲ್ಲಿ ಮೊದಲೇ ಪುಸ್ತಕ ಇರುವ, ಸ್ಕೂಲಿನ ಕನ್ನಡ ಸಲೀಸಾಗಿ ಬರುವ ಮಕ್ಕಳೇ ಜಾಸ್ತಿ. ಕಟ್ಟಡ ಕೆಲಸದ ಶೆಡ್ಡಿನಿಂದಲೋ, ತಾಂಡಾದಿಂದಲೋ, ಎಸ್ಟೇಟ್ ಲೈನಿನಿಂದಲೋ ಬಂದ ಮಗು ಬಾಗಿಲಲ್ಲಿ ಎರಡು ನಿಮಿಷ ನಿಂತು ವಾಪಸ್ ಹೋಗುತ್ತದೆ. ಅದರ ಅಮ್ಮ ಅಂತೂ ಬಾಗಿಲ ತನಕವೂ ಬರುವುದಿಲ್ಲ.

ಅಂಥ ಮನೆಗಳನ್ನೂ ಸೇರಿಸಿಕೊಂಡು ಬೇಸಿಗೆ ಓದು ನಡೆಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವಾಗಲಿ, ಬೆಂಗಳೂರಿನ ಬಡಾವಣೆಯ ಶಾಖಾ ಗ್ರಂಥಾಲಯವಾಗಲಿ, ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ: ಹೆಸರು ನೋಂದಾಯಿಸುವುದು ಇಡೀ ಮನೆಯದ್ದು. ಓದು ಬಾರದ ಅಜ್ಜಿಯೂ ಅದರಲ್ಲಿ ಲೆಕ್ಕಕ್ಕೆ ಬರಬೇಕು. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಫೆಬ್ರುವರಿಯಲ್ಲೇ ಕೂತು ಮಾತಾಡಿ

ನಮ್ಮಲ್ಲಿ ಸ್ಕೂಲುಗಳಿಗೆ ರಜೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯ ತನಕ. ಇದರಲ್ಲಿ ಐದು ವಾರ ಕಾರ್ಯಕ್ರಮಕ್ಕೆ ಸಾಕು. ಆರು ವಾರಕ್ಕೆ ಎಳೆದರೆ ನಡೆಸುವವರೇ ಸುಸ್ತಾಗುತ್ತಾರೆ. ಆದರೆ ಏಪ್ರಿಲ್‌ನಲ್ಲಿ ಶುರುವಾಗಬೇಕಾದರೆ ಫೆಬ್ರುವರಿಯಲ್ಲೇ ತಯಾರಿ ಬೇಕು.

ಹಳ್ಳಿಯಲ್ಲಿ ಮೊದಲು ಗ್ರಂಥಾಲಯದ ಮೇಲ್ವಿಚಾರಕರು, ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ನಗರದಲ್ಲಿ ಶಾಖೆಯ ಗ್ರಂಥಪಾಲಕರ ಮೂಲಕ ನಗರ ಕೇಂದ್ರ ಗ್ರಂಥಾಲಯದ ಉಪನಿರ್ದೇಶಕರ ಕಚೇರಿಗೆ ಪತ್ರ ಹೋಗಬೇಕು. ಪತ್ರ ಒಂದೇ ಪುಟ ಇರಲಿ. ಯಾವ ತಾರೀಕಿನಿಂದ ಯಾವ ತಾರೀಕು, ಯಾವ ಹೊತ್ತು, ಯಾವ ಕೋಣೆ, ಜವಾಬ್ದಾರಿ ಯಾರದ್ದು, ಗ್ರಂಥಾಲಯದಿಂದ ಏನು ಬೇಕು. ಫ್ಯಾನ್, ಕುಡಿಯುವ ನೀರು, ಬೀಗ ಹಾಕದ ಶೌಚಾಲಯ, ಇವನ್ನು ಪತ್ರದಲ್ಲೇ ಬರೆಯಿರಿ. ಬಾಯಿಮಾತಿನಲ್ಲಿ ಒಪ್ಪಿಕೊಂಡ ಶೌಚಾಲಯದ ಕೀಲಿ ಆ ದಿನ ಯಾರ ಹತ್ತಿರ ಇದೆ ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಕೇಳುವಾಗ ಮುಜುಗರ ಬೇಡ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಬಾಡಿಗೆ ಮನೆಯವರೂ ಬಾಡಿಗೆಯ ಒಳಗೆ ಅದನ್ನು ಕಟ್ಟುತ್ತಲೇ ಇರುತ್ತಾರೆ, ಅಲ್ವಾ? ಹಳ್ಳಿಗಳಲ್ಲಂತೂ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತವಾಗಿದೆ. ಹಾಗಾಗಿ ಇಲ್ಲಿಯೂ ಯಾರಿಂದಲೂ ಒಂದು ರೂಪಾಯಿ ಫೀಸ್ ತೆಗೆದುಕೊಳ್ಳಬೇಡಿ.

ಜೊತೆಗೆ ನಾಲ್ಕೈದು ಜನ ಬೇಕು. ಎಲ್ಲರೂ ಪದವೀಧರರು ಆಗಬೇಕಿಲ್ಲ. ಮಕ್ಕಳ ಗಲಾಟೆ ತಡೆದುಕೊಳ್ಳುವ ಒಬ್ಬರು, ಲೆಕ್ಕ ಬರೆಯುವ ಒಬ್ಬರು, ಊರಲ್ಲಿ ಕನ್ನಡದ ನಂತರ ಹೆಚ್ಚು ನಡೆಯುವ ಭಾಷೆ ಗೊತ್ತಿರುವ ಒಬ್ಬರಾದರೂ ಇರಲಿ.

ಯಾರ ಮನೆಯಲ್ಲಿ ಯಾವ ಮಾತು

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕನ್ನಡ ತಾಯಿನುಡಿ ಅಂತ ಬರೆಸಿದವರು ನೂರಕ್ಕೆ ಸುಮಾರು 66 ಮಂದಿ. ಉರ್ದು ಹತ್ತಕ್ಕಿಂತ ಸ್ವಲ್ಪ ಜಾಸ್ತಿ, ತೆಲುಗು ಆರರ ಹತ್ತಿರ. ಆಮೇಲೆ ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ. ಅಂದರೆ ಮೂವರಲ್ಲಿ ಒಬ್ಬರ ಮನೆಮಾತು ಬೇರೆ. ಆದರೆ ಈ ಲೆಕ್ಕ ನಿಮ್ಮ ಊರಿಗೆ ಹೊಂದುವುದಿಲ್ಲ. ಬಾಗೇಪಲ್ಲಿಯಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಬೆಳಗಾವಿಯಲ್ಲಿ ಮರಾಠಿ, ಮಂಗಳೂರಿನಲ್ಲಿ ಒಂದೇ ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮೂರೂ. ಲಂಬಾಣಿ ಭಾಷೆಯನ್ನು ಜನಗಣತಿ ಹಿಂದಿಯ ಗುಂಪಿಗೆ ಸೇರಿಸಿಬಿಡುತ್ತದೆ. ತಾಂಡಾ ಇರುವ ಊರಲ್ಲಿ ಅಂಕಿಅಂಶ ನಂಬಿ ಹಿಂದಿ ಪುಸ್ತಕ ತರಿಸಿದರೆ ಯಾರಿಗೂ ಉಪಯೋಗ ಇಲ್ಲ.

ಆದ್ದರಿಂದ ಕೇಳಿಯೇ ತಿಳಿದುಕೊಳ್ಳಬೇಕು. ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರ್‌ಗೂ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅವರ ಜೊತೆ ಒಂದು ಸುತ್ತು ಹೋಗಿ ಬನ್ನಿ. ಪ್ರಶ್ನೆ ನಾಲ್ಕೇ ಇರಲಿ. ಮನೆಯಲ್ಲಿ ದೊಡ್ಡವರು ಮಕ್ಕಳ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ? ಮನೆಯಲ್ಲಿ ಓದು ಬರುವವರು ಯಾರು, ಯಾವ ಲಿಪಿಯಲ್ಲಿ? ಕತೆ, ಹಾಡು, ಒಗಟು ಹೇಳುವವರು ಇದ್ದಾರಾ? ಯಾವ ದಿನ, ಯಾವ ಹೊತ್ತು ಬಿಡುವು?

ಎರಡನೇ ಪ್ರಶ್ನೆಯಲ್ಲಿ ಲಿಪಿ ಅಂತ ಬೇಕಂತಲೇ ಬರೆದಿದ್ದೇನೆ. ಮನೆಯಲ್ಲಿ ಉರ್ದು ಮಾತಾಡುವ ಎಷ್ಟೋ ತಾಯಂದಿರು ಕಲಿತದ್ದು ಕನ್ನಡ ಸ್ಕೂಲಿನಲ್ಲಿ. ಅವರಿಗೆ ಉರ್ದು ಅಕ್ಷರದ ಪುಸ್ತಕ ಕೊಟ್ಟರೆ ಸುಮ್ನೆ ಪಕ್ಕಕ್ಕಿಡುತ್ತಾರೆ. ಹಾಗೆಯೇ ಮಾತಾಡುವುದು ತಮಿಳು, ಓದು ಬರುವುದು ತೆಲುಗಿನಲ್ಲಿ ಅನ್ನುವವರೂ ಗಡಿ ಊರುಗಳಲ್ಲಿ ಸಿಗುತ್ತಾರೆ.

ಜಾತಿ, ಧರ್ಮ, ಆಧಾರ್, ರೇಷನ್ ಕಾರ್ಡ್, ಯಾವುದನ್ನೂ ಕೇಳಬೇಡಿ. ಬಿಹಾರದಿಂದಲೋ ಒಡಿಶಾದಿಂದಲೋ ಕೂಲಿಗೆ ಬಂದವರು ಕೈಯಲ್ಲಿ ಪಟ್ಟಿ ಹಿಡಿದವರನ್ನು ಕಂಡರೆ ಮೊದಲೇ ಹೆದರುತ್ತಾರೆ. ಸೈಟಿನ ಮೇಸ್ತ್ರಿಯನ್ನು ಮೊದಲು ಮಾತಾಡಿಸಿ, ಅವರೇ ಕರೆದುಕೊಂಡು ಹೋದರೆ ಕೆಲಸ ಸುಲಭ. ಇನ್ನೊಂದು ಮಾತು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದ ಮನೆಗಳನ್ನು ‘ಕನ್ನಡದವರು’ ಅಂತ ಬರೆದುಕೊಂಡು ಮುಂದೆ ಹೋಗಬೇಡಿ. ಆ ಮಕ್ಕಳ ಕನ್ನಡವನ್ನು ಸ್ಕೂಲಿನಲ್ಲಿ ಆಗಲೇ ಸಾಕಷ್ಟು ತಿದ್ದಿರುತ್ತಾರೆ. ‘ಹೋಗ್ಯಾರ’, ‘ಬರಂಗಿಲ್ಲ’ ಅಂತ ಹೇಳುವ ಅಜ್ಜಿಯ ಕತೆಗೂ ಇಲ್ಲಿ ಬೇರೆ ಜಾಗವೇ ಬೇಕು.

ದಿನ ಮತ್ತು ಹೊತ್ತು

ವಾರಕ್ಕೆ ಎರಡು ದಿನ, ಒಂದೊಂದು ದಿನ ಒಂದೂವರೆ ಗಂಟೆ. ಒಂದು ದಿನ ಬೆಳಗ್ಗೆ ಮಕ್ಕಳಿಗಾಗಿ, ಇನ್ನೊಂದು ದಿನ ಸಂಜೆ ಮನೆಮಂದಿಗೆಲ್ಲ. ರಾಯಚೂರು, ಬಳ್ಳಾರಿ ಕಡೆ ಬೆಳಗಿನದ್ದು ಎಂಟಕ್ಕೇ ಶುರುವಾಗಿ ಒಂಬತ್ತೂವರೆಗೆ ಮುಗಿಯಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಹನ್ನೊಂದು ಗಂಟೆಗೆ ಮಗುವನ್ನು ಬಿಸಿಲಲ್ಲಿ ನಡೆಸಿ ಕಳಿಸುವುದು ತಪ್ಪು. ಸಂಜೆಯ ಹೊತ್ತು ಕೂಲಿಯವರು ಮನೆಗೆ ಬಂದು, ಅಡುಗೆಗೆ ಕೂರುವ ಮುಂಚೆ. ಮೇ ತಿಂಗಳ ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋಗುವುದು ಮಾಮೂಲು, ಚಾರ್ಜ್ ಲೈಟ್ ಒಂದು ಇಟ್ಟುಕೊಳ್ಳಿ.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಸಂತೆ ದಿನ, ಬಟವಾಡೆ ದಿನ, ಊರ ಜಾತ್ರೆ, ಶುಕ್ರವಾರದ ನಮಾಜು, ಭಾನುವಾರದ ಪ್ರಾರ್ಥನೆ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಬಸವ ಜಯಂತಿ ಇವನ್ನೆಲ್ಲ ಗುರುತು ಹಾಕಿ. ಅವುಗಳ ಮಧ್ಯೆ ಉಳಿದದ್ದೇ ನಿಮ್ಮ ದಿನ. ಮದುವೆ ಸೀಸನ್ ಬೇರೆ. ಎಲ್ಲ ಮನೆಯೂ ಎಲ್ಲ ದಿನವೂ ಬರುತ್ತದೆ ಅಂದುಕೊಳ್ಳಲೇಬೇಡಿ.

ರಜೆಯಲ್ಲಿ ಊರಿನ ಅರ್ಧ ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತಾರೆ. ಬೇರೆ ಊರಿನ ಮಕ್ಕಳು ನಿಮ್ಮ ಊರಿನ ಅಜ್ಜಿ ಮನೆಗಳಿಗೆ ಬಂದಿರುತ್ತಾರೆ! ಹೋಗುವ ಮಕ್ಕಳಿಗೆ ಪುಸ್ತಕ ಕೊಟ್ಟೇ ಕಳಿಸಿ, ಬಂದ ಮೇಲೆ ವಾಪಸ್ ಕೊಟ್ಟರಾಯಿತು. ಬಂದಿರುವ ಮಕ್ಕಳಿಗೆ ಒಂದು ಅತಿಥಿ ಕಾರ್ಡ್ ಮಾಡಿಕೊಡಿ. ಮೊಮ್ಮಗಳನ್ನು ಕರೆದುಕೊಂಡು ಬರುವ ಅಜ್ಜಿ ಆಮೇಲೆ ತಾನೇ ಕೂತು ಕತೆ ಹೇಳುವುದುಂಟು.

ಪುಸ್ತಕ ಎಲ್ಲಿಂದ?

ಬಹಳ ಜನ ಇಲ್ಲೇ ಕೈಚೆಲ್ಲುತ್ತಾರೆ. ಗ್ರಂಥಾಲಯದ ಕಪಾಟಿನಲ್ಲಿ ಕನ್ನಡ, ಇಂಗ್ಲಿಷ್ ಬಿಟ್ಟರೆ ಬೇರೆ ಏನೂ ಇಲ್ಲ ಅಂತ. ಆದರೆ ದಾರಿಗಳಿವೆ.

ಮೊದಲನೆಯದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಜಾಲತಾಣ. ಕನ್ನಡ, ಉರ್ದು, ತೆಲುಗು, ತಮಿಳು, ಮರಾಠಿ, ಹಿಂದಿ, ಒಡಿಯಾ, ಬಂಗಾಳಿ ಹೀಗೆ ಹಲವು ಭಾಷೆಗಳಲ್ಲಿ ಮಕ್ಕಳ ಚಿತ್ರಪುಸ್ತಕಗಳಿವೆ. ಡೌನ್‌ಲೋಡ್ ಉಚಿತ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಪ್ರಿಂಟ್ ಹಾಕಬಹುದು, ಅನುವಾದ ಮಾಡಬಹುದು, ಹಂಚಬಹುದು. ಪುಸ್ತಕಗಳಿಗೆ 1ರಿಂದ 4ರ ತನಕ ಹಂತಗಳಿವೆ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಕೂತು ಓದುವುದಕ್ಕೆ 1 ಮತ್ತು 2ನೇ ಹಂತ ಸಾಕು. ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ. ಓದು ಅರ್ಧಂಬರ್ಧ ಬರುವ ಅಪ್ಪನಿಗೂ ಧೈರ್ಯ ಬರುತ್ತದೆ.

ಒಂದೇ ಕತೆಯನ್ನು ಎರಡು ಮೂರು ಭಾಷೆಗಳಲ್ಲಿ ಇಳಿಸಿಕೊಳ್ಳಿ. ಬೇರೆ ಬೇರೆ ಭಾಷೆಯ ಇಪ್ಪತ್ತು ಬೇರೆ ಬೇರೆ ಕತೆಗಳಿಗಿಂತ, ಎಲ್ಲ ಮನೆಗೂ ಗೊತ್ತಿರುವ ಎಂಟು ಕತೆಗಳು ಹೆಚ್ಚು ಕೆಲಸ ಮಾಡುತ್ತವೆ. ಶೆಡ್ಡಿನ ಹುಡುಗ ಹಿಂದಿಯಲ್ಲಿ ಓದಿದ ಕತೆಯನ್ನೇ ಪಕ್ಕದ ಮನೆಯ ಹುಡುಗಿ ಕನ್ನಡದಲ್ಲಿ ಓದಿರುತ್ತಾಳೆ. ಮಾತಾಡಲು ಇಬ್ಬರಿಗೂ ಒಂದು ವಿಷಯ ಸಿಕ್ಕಿತು.

ಪ್ರಿಂಟ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಹಾಗಾಗಿ ಪುಸ್ತಕದ ಪುಟಗಳು ನಾಲ್ಕರ ಮಗ್ಗಿಯಲ್ಲಿರಬೇಕು: 8, 12, 16. ಹದಿನಾರು ಪುಟದ ಪುಸ್ತಕಕ್ಕೆ ನಾಲ್ಕು ಹಾಳೆ, ಎಂಟು ಬದಿ. ನಿಮ್ಮೂರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಬದಿಗೆ 2 ರೂಪಾಯಿ ಅಂತಿದ್ದರೆ ಒಂದು ಪುಸ್ತಕ 16 ರೂಪಾಯಿಗೆ ಆಯಿತು. ಮೊದಲ ಹಾಳೆಯ ಹೊರಬದಿಯಲ್ಲಿ ಎಡಕ್ಕೆ 16ನೇ ಪುಟ, ಬಲಕ್ಕೆ 1ನೇ ಪುಟ. ಒಳಬದಿಯಲ್ಲಿ 2 ಮತ್ತು 15. ಪ್ರಿಂಟ್ ಮಾಡುವಾಗ ‘ಬುಕ್‌ಲೆಟ್’ ಅನ್ನುವ ಆಯ್ಕೆ ಕೊಟ್ಟರೆ ಕಂಪ್ಯೂಟರೇ ಈ ಲೆಕ್ಕ ಮಾಡಿಕೊಳ್ಳುತ್ತದೆ. ಸಾಮಾನ್ಯ ಸ್ಟೇಪ್ಲರ್ ಮಡಿಕೆಯ ತನಕ ತಲುಪುವುದಿಲ್ಲ. ಉದ್ದ ಕೈಯ ಸ್ಟೇಪ್ಲರ್ ಇಲ್ಲದಿದ್ದರೆ ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿಯಿರಿ. ಪಿನ್ನಿಗಿಂತ ದಾರವೇ ಜಾಸ್ತಿ ಬಾಳುತ್ತದೆ, ಚಿಕ್ಕ ಮಕ್ಕಳ ಕೈಗೂ ಚುಚ್ಚುವುದಿಲ್ಲ.

ಉರ್ದು ಪುಸ್ತಕಕ್ಕೆ ಬಂದರೆ ಲೆಕ್ಕ ತಿರುವುಮುರುವು. ಅದನ್ನು ಬಲದಿಂದ ಎಡಕ್ಕೆ ಓದುವುದು, ಹೊಲಿಗೆ ಬಲಕ್ಕೆ ಬರಬೇಕು, 1ನೇ ಪುಟ ಎಡಬದಿಯಲ್ಲಿ ಅಚ್ಚಾಗಬೇಕು. ಬುಕ್‌ಲೆಟ್ ಆಯ್ಕೆಯಲ್ಲಿ ಬೈಂಡಿಂಗ್ ‘ರೈಟ್’ ಅಂತ ಕೊಡಿ. ಇದನ್ನು ನೋಡದೆ ಐವತ್ತು ಪ್ರತಿ ಹೊಡೆಸಿದರೆ ಕತೆ ಕೊನೆಯಿಂದ ಶುರುವಾಗುತ್ತದೆ. ಕನ್ನಡ ಮತ್ತು ಉರ್ದು ಎರಡೂ ಇರುವ ಪುಸ್ತಕ ನೀವೇ ಮಾಡುವುದಾದರೆ ಒಂದು ಚೆಂದದ ಉಪಾಯ ಇದೆ: ಕನ್ನಡ ಒಂದು ಕಡೆಯಿಂದ, ಉರ್ದು ಇನ್ನೊಂದು ಕಡೆಯಿಂದ ಶುರುವಾಗಿ ನಡುಪುಟದಲ್ಲಿ ಎರಡೂ ಸೇರುವ ಹಾಗೆ ಜೋಡಿಸಿ. ನಡುಪುಟದಲ್ಲಿ ಬರೀ ಚಿತ್ರ.

ಕೊಂಕಣಿಯಲ್ಲಿ ಬೇರೆ ತೊಡಕು. ಕರ್ನಾಟಕದಲ್ಲಿ ಹೆಚ್ಚಿನವರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಓದುತ್ತಾರೆ, ಗೋವಾದಲ್ಲಿ ದೇವನಾಗರಿ, ರೋಮನ್ ಲಿಪಿ. ಡೌನ್‌ಲೋಡ್ ಮಾಡುವ ಮೊದಲು ಒಂದು ಪುಟವನ್ನು ಆ ಮನೆಯವರಿಗೆ ತೋರಿಸಿ. ತುಳು, ಬ್ಯಾರಿ, ಕೊಡವ, ಅರೆಭಾಷೆ, ಲಂಬಾಣಿ ಇವನ್ನೆಲ್ಲ ನಮ್ಮಲ್ಲಿ ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ಇದು ನಮಗೆ ದೊಡ್ಡ ಅನುಕೂಲ. ಕನ್ನಡ ಓದು ಬರುವ ಮಗು ಅಜ್ಜಿಗೆ ಅವಳದೇ ಭಾಷೆಯಲ್ಲಿ ಓದಿ ಹೇಳಬಹುದು. ತುಳು, ಕೊಂಕಣಿ, ಬ್ಯಾರಿ, ಕೊಡವ, ಅರೆಭಾಷೆಗೆ ಸರ್ಕಾರದ ಅಕಾಡೆಮಿಗಳಿವೆ, ಅವರ ಪ್ರಕಟಣೆಗಳನ್ನು ಕೇಳಿ ತರಿಸಿ. ಚಿಕ್ಕ ಮಕ್ಕಳಿಗೆ ಹೊಂದುವಂಥವು ಅವುಗಳಲ್ಲಿ ಕಡಿಮೆ ಅನಿಸಿದರೆ, ಮುಂದೆ ಹೇಳುವ ಹಾಗೆ ನೀವೇ ಮಾಡಿಕೊಳ್ಳಬೇಕು.

ಹಣ ಇದ್ದರೆ ಚೆನ್ನೈನ ತೂಲಿಕಾ ಪ್ರಕಾಶನದ ಎರಡು ಭಾಷೆಯ ಚಿತ್ರಪುಸ್ತಕಗಳನ್ನು ನೋಡಿ. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳೂ ಹಲವು ಭಾಷೆಗಳಲ್ಲಿವೆ, ಬೆಲೆಯೂ ಕಡಿಮೆ.

ಪುಸ್ತಕದ ಬೆನ್ನಿಗೆ ಬಣ್ಣದ ಸ್ಟಿಕರ್ ಹಚ್ಚಿ, ಭಾಷೆಗೊಂದು ಬಣ್ಣ. ಮೇಲೆ ಸೆಲೋಟೇಪ್ ಹಾಕದಿದ್ದರೆ ವಾರದಲ್ಲಿ ಕಿತ್ತು ಬರುತ್ತದೆ. ಭಾಷೆವಾರು ಬೇರೆ ಬೇರೆ ಕಪಾಟು ಮಾತ್ರ ಮಾಡಬೇಡಿ. ಎಲ್ಲವನ್ನೂ ಬೆರೆಸಿಡಿ, ಮುಖಪುಟ ಕಾಣುವ ಹಾಗೆ. ಬಟ್ಟೆ ಒಣಗಿಸುವ ಹಗ್ಗ ಕಟ್ಟಿ ಪುಸ್ತಕಗಳನ್ನು ನೇತುಹಾಕಿದರೂ ಆಯಿತು. ಕೆಲವು ಪುಸ್ತಕ ಕಳೆಯುತ್ತವೆ, ಕೆಲವನ್ನು ಮಗು ಹರಿಯುತ್ತದೆ. ದಂಡ ಬೇಡ. ಹರಿದ ಪುಸ್ತಕಕ್ಕೆ ದಂಡ ಹಾಕಿದ ದಿನವೇ ಆ ಮನೆ ಬರುವುದು ನಿಲ್ಲಿಸುತ್ತದೆ.

ಮನೆಗೊಂದು ಕಾರ್ಡ್

ದಪ್ಪ ಕಾಗದದಲ್ಲಿ ಇಪ್ಪತ್ತೈದು ಖಾನೆಗಳ ಒಂದು ಚೌಕ ಬರೆಯಿರಿ, ಐದು ಸಾಲು, ಸಾಲಿಗೆ ಐದು ಖಾನೆ. ಒಂದು ಸಾಲು ಒಂದು ವಾರಕ್ಕೆ. ಮನೆಯ ಯಾರೇ ಇಬ್ಬರು ಒಟ್ಟಿಗೆ ಹದಿನೈದು ನಿಮಿಷ ಓದಿದರೆ, ಓದಿ ಕೇಳಿಸಿದರೆ, ಕತೆ ಹೇಳಿದರೆ ಒಂದು ಖಾನೆಗೆ ಬಣ್ಣ. ಎಷ್ಟು ಪುಸ್ತಕ ಓದಿದಿರಿ ಅಂತ ಎಣಿಸಬೇಡಿ. ಎಣಿಸಿದರೆ ಮಕ್ಕಳು ತೆಳ್ಳನೆಯ ಪುಸ್ತಕ ಆರಿಸಿ ಓಡಿಸುತ್ತಾರೆ, ಓದು ನಿಧಾನ ಇರುವ ಮಗು ಮೊದಲ ವಾರವೇ ಸೋತೆ ಅಂದುಕೊಳ್ಳುತ್ತದೆ.

ಪೇಪರ್ ಓದಿದರೂ ಲೆಕ್ಕ. ಬಸ್ಸಿನ ಬೋರ್ಡ್, ಅಂಗಡಿಯ ಹೆಸರು, ಗೊಬ್ಬರದ ಚೀಲದ ಮೇಲಿನ ಬರಹ ಓದಿಕೊಂಡು ಬಂದರೂ ಲೆಕ್ಕ. ಅಜ್ಜಿ ಕತ್ತಲಲ್ಲಿ ಹೇಳಿದ ಒಗಟೂ ಲೆಕ್ಕವೇ. ಯಾವ ಭಾಷೆಯಲ್ಲಿ ಅನ್ನುವುದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಹಾಕಿಸಿ, ಸ್ಟಿಕರಿನ ಅದೇ ಬಣ್ಣದಲ್ಲಿ. ದೊಡ್ಡವರ ಸಹಿ ಕೇಳಬೇಡಿ. ಸಹಿ ಮಾಡಲು ಬಾರದವರಿಗೆ ಅದು ನೋವಿನ ವಿಷಯ. ಮನೆಮಂದಿ ಸೇರಿ ತಮ್ಮದೇ ಒಂದು ಗುರುತಿನ ಚಿತ್ರ ಮಾಡಿಕೊಳ್ಳಲಿ, ಮಾವಿನಕಾಯಿಯೋ, ಟ್ರ್ಯಾಕ್ಟರೋ.

ಇಪ್ಪತ್ತು ಖಾನೆ ತುಂಬಿದವರಿಗೆ ಒಂದು ಪುಸ್ತಕ, ಅವರೇ ಆರಿಸಿಕೊಳ್ಳಲಿ. ಮೊದಲ ಬಹುಮಾನ, ಎರಡನೇ ಬಹುಮಾನ ಅಂತ ಮಾಡುವುದಕ್ಕೆ ಪಂಚಾಯಿತಿ ಸದಸ್ಯರಿಗೆ ಬಹಳ ಆಸೆ ಇರುತ್ತದೆ, ವೇದಿಕೆ ಬೇಕಲ್ಲ! ನಯವಾಗಿ ಬೇಡ ಅನ್ನಿ. ವೇದಿಕೆ ಮೇಲೆ ಕತೆ ಓದಲು ಅವರನ್ನೇ ಕರೆಯಿರಿ. ಅದು ಕೆಲಸ ಮಾಡುತ್ತದೆ.

ಕಾರ್ಡಿನ ಜೊತೆ ಒಂದು ಬಟ್ಟೆ ಚೀಲ: ಮೂರು ಪುಸ್ತಕ, ನಾಲ್ಕು ಬಿಳಿ ಹಾಳೆ, ಒಂದು ಪೆನ್ಸಿಲ್, ಸ್ವಲ್ಪ ಬಣ್ಣದ ಕಡ್ಡಿ. ಶೆಡ್ಡಿನಲ್ಲಿ ಪುಸ್ತಕ ಇಡಲು ಒಣ ಜಾಗ ಇರುವುದಿಲ್ಲ. ಗೋಡೆಯ ಮೊಳೆಗೆ ಚೀಲ ತೂಗುಹಾಕಬಹುದು.

ಸಂಜೆಯ ಒಂದೂವರೆ ಗಂಟೆ

ಮೊದಲ ಹದಿನೈದು ನಿಮಿಷ ಏನೂ ಮಾಡಬೇಡಿ. ಜನ ಬರಲಿ, ಪುಸ್ತಕ ತಿರುವಿ ಹಾಕಲಿ, ನೀರು ಕುಡಿಯಲಿ. ಆಮೇಲೆ ಎಲ್ಲರಿಗೂ ಒಂದು ಕತೆ, ಹತ್ತು ಹದಿನೈದು ನಿಮಿಷ. ಅದಾದ ಮೇಲೆ ಮನೆಮಂದಿ ತಮ್ಮ ತಮ್ಮ ಗುಂಪಿನಲ್ಲಿ ಚಾಪೆ ಮೇಲೆ ಕೂತು ಇಪ್ಪತ್ತು ನಿಮಿಷ ಓದುವುದು. ಇಲ್ಲಿ ನಿಮ್ಮ ಕೆಲಸ ಒಂಟಿಯಾಗಿ ಬಂದ ಮಗುವಿನ ಪಕ್ಕ ಕೂರುವುದು. ನಂತರ ಒಬ್ಬರು ದೊಡ್ಡವರಿಂದ ಅವರ ಭಾಷೆಯಲ್ಲಿ ಒಂದು ಕತೆ ಅಥವಾ ಹಾಡು. ಉಳಿದ ಹೊತ್ತು ಚಿತ್ರ ಬಿಡಿಸುವುದು, ಪುಸ್ತಕ ಬದಲಾಯಿಸುವುದು, ಹರಟೆ. ಹರಟೆಗೆ ಹೊತ್ತು ಉಳಿಸಿ. ಉರ್ದು ಮನೆಯ ಅಮ್ಮನೂ ಲಂಬಾಣಿ ಮನೆಯ ಅಮ್ಮನೂ ಸ್ಕೂಲಿನ ಅಡ್ಮಿಷನ್ ಬಗ್ಗೆ ಮಾತಾಡುವುದು ಆಗಲೇ.

ಮೊದಲ ದಿನ ಒಂದು ದೊಡ್ಡ ಚಾರ್ಟ್ ಶೀಟ್ ಗೋಡೆಗೆ ಅಂಟಿಸಿ, ಎಲ್ಲರೂ ತಮ್ಮ ಹೆಸರನ್ನು ತಮಗೆ ಬರುವ ಲಿಪಿಯಲ್ಲಿ ಬರೆಯಲಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ. ಹೆಸರು ಕರೆಯುವಾಗ ಉಚ್ಚಾರ ಕೇಳಿ ತಿಳಿದುಕೊಂಡು ಸರಿಯಾಗಿ ಕರೆಯಿರಿ. ದೊಡ್ಡವರನ್ನು ಅಮ್ಮ, ಅಕ್ಕ, ಅಣ್ಣ, ಅಜ್ಜ ಅನ್ನಿ, ಇಲ್ಲವೇ ಅವರ ಮಕ್ಕಳು ಏನು ಕರೆಯುತ್ತಾರೋ ಅದನ್ನೇ ಅನ್ನಿ. ಮೈಕ್ ಬೇಡ. ಅತಿಥಿಗಳ ಭಾಷಣವೂ ಬೇಡ.

ಎರಡು ಭಾಷೆಯಲ್ಲಿ ಓದಿ ಹೇಳುವುದು

ಒಂದು ಸಾಲು ಕನ್ನಡ, ಅದರದೇ ಅನುವಾದ, ಮತ್ತೆ ಒಂದು ಸಾಲು, ಮತ್ತೆ ಅನುವಾದ. ಹೀಗೆ ಓದಿದರೆ ಎರಡೂ ಕಡೆಯವರಿಗೆ ನಿದ್ದೆ ಬರುತ್ತದೆ. ಬೇರೆ ವಿಧಾನಗಳಿವೆ.

ಮೊದಲು ಪುಸ್ತಕ ಓದದೆ ಚಿತ್ರಗಳನ್ನಷ್ಟೇ ತೋರಿಸುತ್ತಾ ಹೋಗಿ. ಇದು ಏನು, ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ? ಮಕ್ಕಳು ಕೂಗಿ ಹೇಳುತ್ತಾರೆ. ಅಷ್ಟರಲ್ಲಿ ಕತೆ ಅರ್ಧ ಎಲ್ಲರಿಗೂ ಗೊತ್ತಾಗಿರುತ್ತದೆ. ಆಮೇಲೆ ಇಡೀ ಕತೆಯನ್ನು ಒಂದು ಭಾಷೆಯಲ್ಲಿ ಓದಿ. ಮುಂದಿನ ಸಲ ಅದೇ ಕತೆ ಇನ್ನೊಂದು ಭಾಷೆಯಲ್ಲಿ, ಇನ್ನೊಬ್ಬರ ದನಿಯಲ್ಲಿ. ಎರಡನೇ ಸಲ ಕೇಳುವಾಗ ಭಾಷೆ ಬಾರದ ಮಗುವೂ ನಗಬೇಕಾದ ಕಡೆ ನಗುತ್ತದೆ.

ಮತ್ತೆ ಮತ್ತೆ ಬರುವ ಸಾಲು ಇರುವ ಕತೆ ಆರಿಸಿ. ಕತೆ ಕನ್ನಡದಲ್ಲಿ ನಡೆಯಲಿ, ಆ ಒಂದು ಸಾಲು ಮಾತ್ರ ತೆಲುಗಿನಲ್ಲೋ ತುಳುವಿನಲ್ಲೋ ಇರಲಿ. ಎಲ್ಲರೂ ಒಟ್ಟಿಗೆ ಕೂಗಬೇಕು. ಮುಂದಿನ ವಾರ ಆ ಸಾಲು ಬೇರೆ ಭಾಷೆಯಲ್ಲಿ. ಆ ಭಾಷೆಯ ಮನೆಯ ಮಗು ಎಲ್ಲರಿಗೂ ಹೇಳಿಕೊಡುವ ಮೇಷ್ಟ್ರಾಗುತ್ತದೆ.

ಒಂದು ಎಚ್ಚರಿಕೆ. ಮಗುವನ್ನೇ ಅಪ್ಪ ಅಮ್ಮನ ಮುಂದೆ ದುಭಾಷಿ ಮಾಡಬೇಡಿ. “ನಿಮ್ಮಮ್ಮನಿಗೆ ಹೇಳು, ಪುಸ್ತಕ ಹರಿದಿದೆ ಅಂತ” ಅಂತ ಎಂಟು ವರ್ಷದ ಹುಡುಗಿಯ ಕೈಯಲ್ಲಿ ಹೇಳಿಸುವುದು ಅಮ್ಮನಿಗೆ ಅವಮಾನ. ಅದಕ್ಕೆ ದೊಡ್ಡವರೇ ಬೇಕು.

ಮನೆಯ ಕತೆಯಿಂದ ಪುಸ್ತಕ

ನನ್ನನ್ನು ಕೇಳಿದರೆ ಇಡೀ ಕಾರ್ಯಕ್ರಮದ ತಿರುಳು ಇದೇ. ಅಂಗಡಿಯಲ್ಲಿ ಸಿಗದ ಪುಸ್ತಕಗಳು ಇಲ್ಲಿ ಹುಟ್ಟುತ್ತವೆ. ಮೂರನೇ ವಾರದಿಂದ ಶುರು ಮಾಡಿ, ಅಷ್ಟರಲ್ಲಿ ಜನರಿಗೆ ಸಂಕೋಚ ಹೋಗಿರುತ್ತದೆ.

ಚಿಕ್ಕದರಿಂದ ಹೊರಡಿ. ಒಗಟು, ಜೋಗುಳದ ಎರಡು ಸಾಲು, ರೊಟ್ಟಿ ತಟ್ಟುವುದು ಹೇಗೆ, ನಮ್ಮೂರಿನಿಂದ ಇಲ್ಲಿಗೆ ಯಾವ ರೈಲಿನಲ್ಲಿ ಬಂದೆವು. ಹೇಳುವವರನ್ನು ಕೇಳಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಮನೆಯ ಮಗು ಕೇಳಿಕೊಂಡು ಕನ್ನಡ ಅಕ್ಷರದಲ್ಲಿ ಬರೆಯಲಿ, ಹೇಳಿದ ಹಾಗೆಯೇ. ಗ್ರಾಂಥಿಕ ಮಾಡಬೇಡಿ. ಲಂಬಾಣಿಯಲ್ಲಿ, ಬ್ಯಾರಿಯಲ್ಲಿ ಇರುವ ಕೆಲವು ಸದ್ದುಗಳಿಗೆ ಕನ್ನಡದಲ್ಲಿ ಅಕ್ಷರ ಸರಿಯಾಗಿ ಹೊಂದುವುದಿಲ್ಲ. ಮನೆಯವರು ಹೇಗೆ ಬರೆದರೆ ಓದಲು ಬರುತ್ತದೆ ಅನ್ನುತ್ತಾರೋ ಹಾಗೆ ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ. ಅಜ್ಜಿ “ಹಾಗಲ್ಲ, ಹೀಗೆ” ಅಂತ ತಿದ್ದುತ್ತಾಳೆ. ತಿದ್ದಿಸಿಕೊಳ್ಳುವುದೇ ಮುಖ್ಯ ಕೆಲಸ, ಅದಕ್ಕೆ ಒಂದು ಇಡೀ ಸಂಜೆ ಇಡಿ.

ಎಂಟು ಪುಟ ಸಾಕು. ಎರಡು ಎ4 ಹಾಳೆ. ಒಂದು ಮುಖಪುಟ, ಆರು ಪುಟ ಕತೆ ಚಿತ್ರ, ಕೊನೆಗೆ ಹೇಳಿದವರ, ಬರೆದವರ, ಚಿತ್ರ ಬಿಡಿಸಿದವರ ಹೆಸರು. ಅವರು ಬೇಡ ಅಂದರೆ ಹೆಸರು ಹಾಕಬೇಡಿ. ಕೆಳಗೆ ಬೇಕಾದರೆ ಒಂದು ಸಾಲಿನಲ್ಲಿ ಕನ್ನಡದ ಅರ್ಥ. ಮೂರು ಪ್ರತಿ ಮಾಡಿ: ಮನೆಗೆ ಒಂದು, ಗ್ರಂಥಾಲಯಕ್ಕೆ ಒಂದು, ಊರಿನ ಸ್ಕೂಲಿಗೆ ಒಂದು. ಗ್ರಂಥಾಲಯದ ಪ್ರತಿಯನ್ನು ಉಳಿದ ಪುಸ್ತಕಗಳ ಹಾಗೆಯೇ ರಿಜಿಸ್ಟರಿನಲ್ಲಿ ನಂಬರ್ ಕೊಟ್ಟು, ಸೀಲ್ ಹಾಕಿ ಸೇರಿಸಲು ಮೇಲ್ವಿಚಾರಕರನ್ನು ಕೇಳಿಕೊಳ್ಳಿ. ಸೀಲ್ ಬಿದ್ದ ಮೇಲೆ ಆ ಪುಸ್ತಕವನ್ನು ಮನೆಯವರು ನೋಡುವ ರೀತಿಯೇ ಬೇರೆ.

ಎಲ್ಲ ಕತೆಯನ್ನೂ ಬರೆಯಬಹುದು ಅಂತಲ್ಲ. ಪಾಡ್ದನ ಅಂದರೆ ತುಳುನಾಡಿನ ಕತೆ ಹೇಳುವ ಹಾಡು. ಕೆಲವು ಪಾಡ್ದನಗಳು ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುವಂಥವು, ಕೆಲವು ದೈವದ ಆರಾಧನೆಯಾದ ನೇಮದ ಜೊತೆ ಸೇರಿದವು. ಯಾವುದನ್ನು ಮಕ್ಕಳ ಪುಸ್ತಕ ಮಾಡಬಹುದು, ಯಾವುದು ಬೇಡ ಅನ್ನುವುದನ್ನು ಹಾಡುವವರೇ ಹೇಳಬೇಕು. ಇನ್ನೊಂದು, ಹಳೆಯ ಕತೆ ಗಾದೆಗಳಲ್ಲಿ ಯಾವುದೋ ಜಾತಿಯನ್ನು, ಹೆಂಗಸರನ್ನು, ಕುಂಟ ಕುರುಡ ಅಂತ ಆಡಿಕೊಳ್ಳುವ ಮಾತು ಬಂದೇ ಬರುತ್ತದೆ. ಚಾಪೆಯ ಮೇಲೆ ಆ ಜನರೂ ಕೂತಿರುತ್ತಾರೆ. ಹೇಳುವವರನ್ನು ಪಕ್ಕಕ್ಕೆ ಕರೆದು ಮೊದಲೇ ಒಂದು ಸಲ ಕತೆ ಕೇಳಿಸಿಕೊಳ್ಳಿ.

ಬೇಡದ ಕೆಲವು

ವೇಷಭೂಷಣ ಸ್ಪರ್ಧೆ ಬೇಡ. ಲಂಬಾಣಿ ಮಗು ಕನ್ನಡಿ ಲಂಗ ಹಾಕಿ, ಸಿದ್ದಿ ಮಗು ಡಮಾಮಿ ಬಡಿದು ಕುಣಿದು, ಎಲ್ಲರೂ ಫೋಟೊ ತೆಗೆದು ಹೋದರೆ ಓದು ಎಲ್ಲಿ ಬಂತು? ಅವರು ತಾವಾಗಿ ಹಾಡಲಿ, ಕುಣಿಯಲಿ, ಅದು ಬೇರೆ ಮಾತು. ತಿಂಡಿ ಇಡುವುದಾದರೆ ಎಲ್ಲರೂ ತಿನ್ನುವಂಥದ್ದು, ಬಾಳೆಹಣ್ಣು, ಕಡಲೆಪುರಿ.

ಮಕ್ಕಳ ಫೋಟೊ ಪಂಚಾಯಿತಿ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಮನೆಯವರನ್ನು ಕೇಳಿ. ಪುಸ್ತಕದ, ಚಿತ್ರದ, ಕೈಗಳ ಫೋಟೊ ಸಾಕಾಗುತ್ತದೆ. ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರೇ ಇದ್ದರೆ ಬಾಗಿಲು ತೆರೆಯಬೇಡಿ. ಮಗು ಯಾರ ಜೊತೆ ಬಂತು, ಯಾರ ಜೊತೆ ಹೋಯಿತು ಬರೆದಿಡಿ. ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ.

ಅಮೆರಿಕದಲ್ಲಿರುವ ಕನ್ನಡ ಮನೆಗಳಿಗೆ

ಅಲ್ಲಿ ಲೆಕ್ಕ ತಲೆಕೆಳಗು: ಅಲ್ಲಿ ಕನ್ನಡವೇ ಚಿಕ್ಕ ಭಾಷೆ. ಸಾರ್ವಜನಿಕ ಗ್ರಂಥಾಲಯಗಳು ಜೂನ್‌ನಿಂದ ಆಗಸ್ಟ್ ತನಕ ಬೇಸಿಗೆ ಓದು ನಡೆಸುತ್ತವೆ, ಉಚಿತವಾಗಿ. ಹಲವು ಭಾಷೆಯ ಮನೆಗಳಿಗಾಗಿ ಏಪ್ರಿಲ್ 30ರಂದು ಆಚರಿಸುವ ‘ದಿಯಾ’ ಅಂತ ಮಕ್ಕಳ ಓದಿನ ದಿನವೂ ಇದೆ. ಲೇಖಕಿ ಪ್ಯಾಟ್ ಮೋರಾ ಅದನ್ನು 1996ರಲ್ಲಿ ಶುರು ಮಾಡಿಸಿದರು. ಮಗು ಕನ್ನಡದಲ್ಲಿ ಓದಿದ್ದನ್ನು, ಅಜ್ಜಿ ವಿಡಿಯೊ ಕಾಲ್‌ನಲ್ಲಿ ಹೇಳಿದ ಕತೆಯನ್ನು ಲೆಕ್ಕಕ್ಕೆ ಹಿಡಿಯುತ್ತೀರಾ ಅಂತ ಮಕ್ಕಳ ವಿಭಾಗದ ಗ್ರಂಥಪಾಲಕರನ್ನು ನೇರವಾಗಿ ಕೇಳಿ. ಒಂದು ಸಂಜೆ ಕನ್ನಡ ಕತೆ ಓದಲು ನೀವೇ ಮುಂದೆ ಬನ್ನಿ. ಸ್ಟೋರಿವೀವರಿನ ಒಂದೇ ಕತೆಯನ್ನು ಕನ್ನಡ, ಇಂಗ್ಲಿಷ್, ಸ್ಪ್ಯಾನಿಷ್ ಮೂರರಲ್ಲಿ ಹುಡುಕಿಕೊಂಡು ಹೋದರೆ ಅವರಿಗೂ ಒಪ್ಪಿಕೊಳ್ಳುವುದು ಸುಲಭ.

ಕೊನೆಯ ವಾರ, ಆಮೇಲೆ ಜೂನ್

ಕೊನೆಯ ಸಂಜೆ ಮನೆಗಳು ಮಾಡಿದ ಪುಸ್ತಕಗಳನ್ನು ಮನೆಯವರೇ ಓದಲಿ. ಹೆದರುವವರಿಗೆ ಚಾಪೆ ಮೇಲೆ ಕೂತೇ ಓದಲು ಬಿಡಿ. ಇಪ್ಪತ್ತು ಖಾನೆ ತುಂಬದ ಮನೆಗೂ ಒಂದು ಪುಸ್ತಕ ಕೊಟ್ಟು ಕಳಿಸಿ. ಹೇಗೂ ಉಳಿದಿರುತ್ತದೆ.

ಪಂಚಾಯಿತಿಗೆ ಒಂದು ಪುಟದ ವರದಿ ಬರೆಯುವಾಗ ಒಟ್ಟು ಎಷ್ಟು ಮಕ್ಕಳು ಅನ್ನುವುದಕ್ಕಿಂತ ಈ ಮೂರನ್ನು ಬರೆಯಿರಿ. ಮೂರನೇ ವಾರವೂ ಬಂದ ಮನೆಗಳು ಎಷ್ಟು? ಮೊದಲ ಸಲ ಗ್ರಂಥಾಲಯದ ಒಳಗೆ ಕಾಲಿಟ್ಟ ದೊಡ್ಡವರು ಎಷ್ಟು? ಯಾವ ಬಣ್ಣದ ಸ್ಟಿಕರಿನ ಪುಸ್ತಕ ಕಪಾಟು ಬಿಟ್ಟು ಅಲ್ಲಾಡಲೇ ಇಲ್ಲ? ಮೂರನೆಯದಕ್ಕೆ ಕಾರಣ ಹುಡುಕಿ. ಬಹಳ ಸಲ ಲಿಪಿ ತಪ್ಪಿರುತ್ತದೆ, ಇಲ್ಲವೇ ಪುಸ್ತಕ ಆ ವಯಸ್ಸಿಗೆ ಕಷ್ಟ ಇರುತ್ತದೆ.

ಜೂನ್‌ನಲ್ಲಿ ಸ್ಕೂಲು ಶುರುವಾದ ಮೇಲೆ ತಿಂಗಳಿಗೆ ಒಂದು ಸಂಜೆ ಉಳಿಸಿಕೊಳ್ಳಿ, ಬಟವಾಡೆಯ ಮಾರನೇ ದಿನ ಆದರೆ ಒಳ್ಳೆಯದು. ಕಟ್ಟಡ ಮುಗಿದು ಬೇರೆ ಸೈಟಿಗೆ ಹೋಗುವ ಮನೆಗಳು ಚೀಲ ವಾಪಸ್ ಕೊಡಲು ಬಂದರೆ ಪುಸ್ತಕಗಳನ್ನು ಅವರ ಹತ್ತಿರವೇ ಬಿಡಿ, ಹೋಗುವ ಊರಿನ ಗ್ರಂಥಾಲಯ ಎಲ್ಲಿದೆ ಅಂತ ಒಂದು ಚೀಟಿಯಲ್ಲಿ ಬರೆದು ಚೀಲದೊಳಗೆ ಹಾಕಿ.